ಬುತ್ತಿಯ ಮುಚ್ಚಳ

ಮಧ್ಯಾಹ್ನದ ಗಂಟೆ ಬಾರಿಸುತ್ತದೆ. ಅರುವತ್ತು, ಎಪ್ಪತ್ತು ಮಕ್ಕಳು ಇಕ್ಕಟ್ಟಾಗಿ ಕುಳಿತಿರುವ ತರಗತಿ ಅದು. ಹೊರಗೆ ಕೊರೆಯುವ ಚಳಿ. ಕೋಣೆಯ ನಡುವೆ ಕಲ್ಲಿದ್ದಲಿನ ಒಲೆಯೊಂದು ಉರಿಯುತ್ತಿದೆ. ಅದರ ಮೇಲೆ ಬೆಳಗಿನಿಂದಲೇ ಒಂದರ ಮೇಲೊಂದು ಪೇರಿಸಿಟ್ಟಿದ್ದ ಚಪ್ಪಟೆಯಾದ ಲೋಹದ ಡಬ್ಬಿಗಳನ್ನು ಮಕ್ಕಳು ಇಳಿಸಿಕೊಂಡು ತಮ್ಮ ತಮ್ಮ ಜಾಗಕ್ಕೆ ಒಯ್ಯುತ್ತಾರೆ. ಕೆಳಗಿದ್ದ ಡಬ್ಬಿಯ ಅನ್ನ ಸ್ವಲ್ಪ ಸೀದಿದೆ. ಮೇಲಿನದು ಇನ್ನೂ ತಣ್ಣಗಿದೆ. ಹೊಟ್ಟೆ ಹಸಿದಿದೆ. ಆದರೆ ಯಾರೂ ಇನ್ನೂ ಕೈ ಹಾಕುವಂತಿಲ್ಲ. ಎಲ್ಲರೂ ಮುಚ್ಚಳ ತೆರೆದು, ಡಬ್ಬಿಯನ್ನು ಮೇಜಿನ ಮೇಲೆ ಕಾಣುವಂತೆ ಇಟ್ಟು ಕಾಯಬೇಕು. ಶಿಕ್ಷಕರು ಸಾಲುಸಾಲಾಗಿ ನಡೆದುಬರುತ್ತಾರೆ. ಪ್ರತಿಯೊಂದು ಡಬ್ಬಿಗೂ ಬಾಗಿ ನೋಡುತ್ತಾರೆ. ಅವರು ಹುಡುಕುತ್ತಿರುವುದು ಒಂದನ್ನೇ: ಬಿಳಿಯ ಅನ್ನದ ನಡುವೆ ಕಂದುಬಣ್ಣದ ಬಾರ್ಲಿ ಕಾಳು ಸಾಕಷ್ಟಿದೆಯೇ?

ಇದು 1970ರ ದಶಕದ ದಕ್ಷಿಣ ಕೊರಿಯಾ. ಆ ಕಾಲದಲ್ಲಿ ಶಾಲೆಗೆ ಹೋದ ಒಂದು ಇಡೀ ತಲೆಮಾರಿಗೆ ಈ ‘ಬುತ್ತಿಯ ತಪಾಸಣೆ’ ಮರೆಯಲಾಗದ ನೆನಪು. ಇಂದು ನಮ್ಮ ನಾಡಿನಲ್ಲಿಯೂ ಪರದೇಶಗಳಲ್ಲಿಯೂ ಮಕ್ಕಳ ಊಟದ ಡಬ್ಬಿಯಲ್ಲಿ ಏನಿರಬೇಕು, ಏನಿರಬಾರದು ಎಂಬ ಚರ್ಚೆ ಮತ್ತೆ ಮತ್ತೆ ಏಳುತ್ತಿದೆ. ಇಂಥ ಹೊತ್ತಿನಲ್ಲಿ ಆ ದೇಶದ ಅನುಭವವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಉಪಯುಕ್ತವೆನಿಸುತ್ತದೆ. ಏಕೆಂದರೆ ಅಲ್ಲಿ ಡಬ್ಬಿ ತೆರೆಸಿದವರು ಕೇವಲ ಕ್ರೂರಿಗಳಾಗಿರಲಿಲ್ಲ. ಅವರ ಬಳಿ ಒಂದು ನಿಜವಾದ ಕಾರಣವಿತ್ತು.

ಬಾರ್ಲಿಯ ಏರು

ಕೊರಿಯಾದವರಿಗೆ ಅನ್ನವೆಂದರೆ ಕೇವಲ ಆಹಾರವಲ್ಲ. ಗುಂಡಗಿನ, ಅಂಟಂಟಾದ ಬಿಳಿ ಅಕ್ಕಿಯ ಅನ್ನ ಹಬ್ಬದ ಗುರುತು, ಗೌರವದ ಗುರುತು. ಆದರೆ ಬಹುಪಾಲು ಜನರಿಗೆ ಅದು ವರ್ಷವಿಡೀ ದೊರೆತದ್ದು ತೀರ ಇತ್ತೀಚಿನ ಮಾತು. 1910ರಿಂದ 1945ರವರೆಗೆ ಆ ದೇಶ ಜಪಾನಿನ ಆಳ್ವಿಕೆಯಲ್ಲಿತ್ತು. 1920ರಲ್ಲಿ ಜಪಾನೀ ಸರಕಾರ ಕೊರಿಯಾದಲ್ಲಿ ಅಕ್ಕಿಯ ಇಳುವರಿಯನ್ನು ಹೆಚ್ಚಿಸುವ ದೊಡ್ಡ ಯೋಜನೆಯನ್ನು ಆರಂಭಿಸಿತು. ಬೆಳೆಯೇನೋ ಹೆಚ್ಚಿತು, ಆದರೆ ಅದಕ್ಕಿಂತ ವೇಗವಾಗಿ ಅಕ್ಕಿ ಹಡಗು ಹತ್ತಿ ಜಪಾನಿನ ನಗರಗಳಿಗೆ ಹೋಯಿತು. ಗದ್ದೆಯಲ್ಲಿ ಭತ್ತ ಬೆಳೆದ ರೈತನ ಮನೆಯಲ್ಲಿ ಮಂಚೂರಿಯಾದಿಂದ ಬಂದ ಕಿರುಧಾನ್ಯ ಬೇಯುತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲೂ ನೆಮ್ಮದಿ ಸಿಗಲಿಲ್ಲ. ದೇಶ ಇಬ್ಭಾಗವಾಯಿತು. 1950ರ ಜೂನ್‌ನಿಂದ 1953ರ ಜುಲೈವರೆಗೆ ನಡೆದ ಯುದ್ಧ ಹೊಲಗದ್ದೆಗಳನ್ನು ಹಾಳುಗೆಡವಿತು. ಲಕ್ಷಾಂತರ ನಿರಾಶ್ರಿತರು ದಕ್ಷಿಣಕ್ಕೆ ಬಂದರು. ಹಳ್ಳಿಗಳಲ್ಲಿ ವಸಂತಕಾಲ ಬಂತೆಂದರೆ ಭಯ. ಹಿಂದಿನ ಸುಗ್ಗಿಯ ಅಕ್ಕಿ ಮುಗಿದಿರುತ್ತಿತ್ತು; ಹೊಸ ಬಾರ್ಲಿ ಇನ್ನೂ ಹೊಲದಲ್ಲಿ ಹಸಿರಾಗಿಯೇ ಇರುತ್ತಿತ್ತು. ಈ ನಡುವಣ ಹಸಿವಿನ ವಾರಗಳಿಗೆ ಕೊರಿಯಾದವರು ‘ಬೊರಿತ್ ಗೊಗೆ’ ಎಂದು ಹೆಸರಿಟ್ಟಿದ್ದರು. ‘ಬಾರ್ಲಿಯ ಏರು’ ಎಂದು ಅದರ ಅರ್ಥ. ಬೆಟ್ಟದ ದಾರಿಯ ಕಡಿದಾದ ಏರನ್ನು ಏದುಸಿರು ಬಿಡುತ್ತ ಹತ್ತುವಂತೆ ಪ್ರತಿ ಮನೆಯವರೂ ಪ್ರತಿ ವರ್ಷವೂ ಆ ದಿನಗಳನ್ನು ದಾಟಬೇಕಾಗಿತ್ತು. ಸೊಪ್ಪು, ಬೇರು, ಮರದ ಒಳತೊಗಟೆ ಇವುಗಳಿಂದ ಹೊಟ್ಟೆ ತುಂಬಿಸಿಕೊಂಡವರು ಎಷ್ಟೋ ಮಂದಿ.

ಇಂಥ ದೇಶಕ್ಕೆ ಅಮೆರಿಕದ ಗೋಧಿ ಬಂದಿತು. 1954ರಲ್ಲಿ ಅಮೆರಿಕ ಜಾರಿಗೆ ತಂದ ‘ಪಿ.ಎಲ್. 480’ ಎಂಬ ಕಾನೂನಿನ ಹೆಸರು ನಮ್ಮ ಹಿರಿಯರಿಗೂ ಅಪರಿಚಿತವಲ್ಲ. ಅಲ್ಲಿನ ರೈತರು ಅಗತ್ಯಕ್ಕಿಂತ ಹೆಚ್ಚಾಗಿ ಬೆಳೆದ ಧಾನ್ಯವನ್ನು ಕೊರತೆಯ ದೇಶಗಳಿಗೆ ಸುಲಭ ದರದಲ್ಲಿಯೋ ದಾನವಾಗಿಯೋ ಕಳುಹಿಸುವ ವ್ಯವಸ್ಥೆ ಅದು. ಕೊರಿಯಾ 1955ರಲ್ಲಿ ಈ ಒಪ್ಪಂದಕ್ಕೆ ಸಹಿ ಹಾಕಿತು, ಭಾರತ 1956ರಲ್ಲಿ. ಗೋಧಿಹಿಟ್ಟಿನ ಚೀಲಗಳು ಹಸಿವನ್ನು ತಣಿಸಿದವು ಎಂಬುದು ಸತ್ಯ. ಅಗ್ಗದ ಆ ಗೋಧಿಯ ಎದುರು ಕೊರಿಯಾದ ಗೋಧಿ ಬೆಳೆಗಾರರು ನೆಲ ಕಚ್ಚಿದರು ಎಂಬುದೂ ಅಷ್ಟೇ ಸತ್ಯ.

ಅಕ್ಕಿ ಉಳಿಸುವ ಆಜ್ಞೆ

1961ರ ಮೇ 16ರಂದು ಸೇನಾಧಿಕಾರಿ ಪಾರ್ಕ್ ಚುಂಗ್ ಹೀ ಅಧಿಕಾರವನ್ನು ಕೈವಶ ಮಾಡಿಕೊಂಡರು. ಬಡ ರೈತ ಕುಟುಂಬದಲ್ಲಿ ಹುಟ್ಟಿದವರು ಅವರು. ಸೈನ್ಯ ಸೇರುವ ಮುನ್ನ, 1937ರಲ್ಲಿ ಶಿಕ್ಷಕರ ತರಬೇತಿ ಮುಗಿಸಿ, ಮುಂಗ್ಯಂಗ್ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ಕೆಲವು ವರ್ಷ ಪಾಠ ಹೇಳಿದ್ದರು. ಹಸಿವು ಏನೆಂಬುದೂ, ತರಗತಿಯೊಂದನ್ನು ಶಿಸ್ತಿನಲ್ಲಿಡುವುದು ಹೇಗೆಂಬುದೂ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಧಿಕಾರಕ್ಕೆ ಬಂದ ಮರುವರ್ಷವೇ ಬೆಳೆ ಕೈಕೊಟ್ಟಿತು. 1962–63ರಲ್ಲಿ ಅಕ್ಕಿಯ ಅಭಾವ ತೀವ್ರವಾಯಿತು. ಹೊರಗಿನಿಂದ ಅಕ್ಕಿ ತರಿಸಬೇಕಾದರೆ ವಿದೇಶಿ ವಿನಿಮಯ ಬೇಕು. ಅದನ್ನು ಯಂತ್ರಗಳಿಗೆ, ಕಾರ್ಖಾನೆಗಳಿಗೆ ಉಳಿಸಬೇಕೆಂಬುದು ಸರಕಾರದ ಹಟ. ನಗರಗಳಲ್ಲಿ ಅಕ್ಕಿಯ ಬೆಲೆ ಏರಿದರೆ ಕಾರ್ಮಿಕರ ಕೂಲಿಯನ್ನೂ ಏರಿಸಬೇಕಾಗುತ್ತದೆ ಎಂಬ ಚಿಂತೆ ಇನ್ನೊಂದು. ಆದುದರಿಂದ ಜನರು ಅಕ್ಕಿಯನ್ನು ಕಡಿಮೆ ತಿನ್ನಬೇಕು. ಬಾರ್ಲಿ ಬೆರೆಸಿದ ಅನ್ನವನ್ನೂ ಗೋಧಿಹಿಟ್ಟಿನ ತಿನಿಸುಗಳನ್ನೂ ರೂಢಿಸಿಕೊಳ್ಳಬೇಕು ಎಂಬ ಅಭಿಯಾನ ಆರಂಭವಾಯಿತು. ‘ಹೊನ್‌ಬುನ್‌ಶಿಕ್’ ಎಂದು ಅದರ ಹೆಸರು. ಬೆರಕೆ ಅನ್ನ ಮತ್ತು ಹಿಟ್ಟಿನ ಊಟ ಎಂಬುದು ಇದರ ಭಾವಾರ್ಥ.

ಮೊದಲು ಉಪದೇಶ, ಆಮೇಲೆ ನಿಯಮ. 1960ರ ದಶಕದ ನಡುಭಾಗದಲ್ಲಿ ಅಕ್ಕಿಯಿಂದ ಮದ್ಯ ತಯಾರಿಸುವುದನ್ನು ನಿಷೇಧಿಸಲಾಯಿತು. ಹಳ್ಳಿಗರ ಪಾನೀಯವಾದ ಮಕ್ಕೊಲ್ಲಿಯನ್ನು ಗೋಧಿಹಿಟ್ಟಿನಿಂದ ಮಾಡಬೇಕಾಯಿತು. 1963ರ ಸೆಪ್ಟೆಂಬರ್‌ನಲ್ಲಿ ಆ ದೇಶದ ಮೊತ್ತಮೊದಲ ದಿಢೀರ್ ನೂಡಲ್ಸ್ ಪೊಟ್ಟಣ ಮಾರುಕಟ್ಟೆಗೆ ಬಂದಿತು. ಅದರ ಬೆಲೆ ಹತ್ತು ವೊನ್. 1969ರಿಂದ ಪ್ರತಿ ಬುಧವಾರ ಮತ್ತು ಶನಿವಾರ ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ಹೋಟೆಲುಗಳಲ್ಲಿ ಅನ್ನ ಮಾರುವಂತಿಲ್ಲವೆಂದಾಯಿತು. ಉಳಿದ ದಿನಗಳಲ್ಲಿ ಬಡಿಸುವ ಅನ್ನದಲ್ಲಿಯೂ ಕಾಲುಭಾಗದಷ್ಟು ಬಾರ್ಲಿಯೋ ಬೇರೆ ಧಾನ್ಯವೋ ಇರಬೇಕಾಗಿತ್ತು.

ಇವೆಲ್ಲವುಗಳ ಜೊತೆಗೆ ಆರೋಗ್ಯದ ಮಾತೂ ಸೇರಿಕೊಂಡಿತು. ಬರೀ ಬಿಳಿ ಅನ್ನ ಉಣ್ಣುವುದು ದೇಹಕ್ಕೆ ಒಳ್ಳೆಯದಲ್ಲ, ಬಾರ್ಲಿ ಮತ್ತು ಗೋಧಿ ತಿಂದವರು ಬಲಶಾಲಿಗಳಾಗುತ್ತಾರೆ ಎಂದು ಪತ್ರಿಕೆಗಳೂ ಪಂಡಿತರೂ ಬರೆದರು. ಮಕ್ಕಳಿಗಾಗಿ ಬಾರ್ಲಿ ಅನ್ನದ ಹಾಡುಗಳು ಹುಟ್ಟಿದವು. ಇದರಲ್ಲಿ ಸ್ವಲ್ಪ ನಿಜವೂ ಇತ್ತು. ಪಾಲಿಶ್ ಮಾಡಿದ ಅಕ್ಕಿಯನ್ನೇ ನೆಚ್ಚಿದವರಿಗೆ ‘ಬೆರಿಬೆರಿ’ ರೋಗ ಬರುವುದನ್ನು ಏಷ್ಯಾ ಖಂಡ ಕಂಡಿತ್ತು. ಆದರೆ ಸರಕಾರಕ್ಕೆ ಅಕ್ಕಿ ಉಳಿಸಬೇಕಾಗಿದ್ದ ಕಾಲದಲ್ಲಿಯೇ ಅಕ್ಕಿಯ ದೋಷಗಳು ಇಷ್ಟು ಗಟ್ಟಿಯಾಗಿ ಸಾರಲ್ಪಟ್ಟವು ಎಂಬುದನ್ನು ಗಮನಿಸಬೇಕು.

ಬುತ್ತಿಯ ಮೂಲಕ ದೇಶಭಕ್ತಿ ಕಲಿಸುವ ಈ ಉಪಾಯ ಆ ಭಾಗದಲ್ಲಿ ಹೊಸದೇನೂ ಆಗಿರಲಿಲ್ಲ. ಚೀನಾದೊಂದಿಗೆ ಯುದ್ಧದಲ್ಲಿದ್ದ ಜಪಾನ್ 1939ರ ಸೆಪ್ಟೆಂಬರ್‌ನಿಂದ ಪ್ರತಿ ತಿಂಗಳ ಮೊದಲ ದಿನವನ್ನು ತ್ಯಾಗದ ದಿನವೆಂದು ಸಾರಿತ್ತು. ಅಂದು ಜನರು ತರುವ ಬುತ್ತಿಯಲ್ಲಿ ಬಿಳಿ ಅನ್ನ, ಅದರ ನಡುವೆ ಉಪ್ಪಿನಲ್ಲಿ ಹಾಕಿದ ಒಂದು ಕೆಂಪು ಹಣ್ಣು, ಅಷ್ಟೇ ಇರಬೇಕು. ನೋಡಲು ಅದು ಜಪಾನಿನ ಧ್ವಜದಂತೆಯೇ ಕಾಣುತ್ತಿತ್ತು. ಶಾಲೆಯ ಮಕ್ಕಳೂ ಅದನ್ನೇ ತಂದರು. ಎರಡು ವರ್ಷ ತುಂಬುವ ಮೊದಲೇ, 1941ರ ಏಪ್ರಿಲ್‌ನಲ್ಲಿ, ಜಪಾನಿನ ದೊಡ್ಡ ನಗರಗಳಲ್ಲಿ ಅಕ್ಕಿಯೇ ಪಡಿತರಕ್ಕೆ ಬಂದಿತು. ಅಂದು ಬಿಳಿ ಅನ್ನ ತಂದ ಮಗು ದೇಶಭಕ್ತ. ಮೂವತ್ತು ವರ್ಷಗಳ ನಂತರ ಸಮುದ್ರದ ಈಚೆಯ ದಡದಲ್ಲಿ ಅದೇ ಬಿಳಿ ಅನ್ನ ತಂದ ಮಗು ತಪ್ಪಿತಸ್ಥ.

ತರಗತಿಗೆ ಬಂದ ಲೆಕ್ಕ

ಹೋಟೆಲಿನ ಅನ್ನವನ್ನು ಪೊಲೀಸರು, ಅಧಿಕಾರಿಗಳು ಪರೀಕ್ಷಿಸಬಹುದು. ಆದರೆ ಮನೆಯ ಅಡುಗೆಕೋಣೆಯೊಳಗೆ ಯಾರು ಹೋಗುತ್ತಾರೆ? ಪ್ರತಿ ಮನೆಯಿಂದ ಪ್ರತಿದಿನ ಒಂದು ಡಬ್ಬಿ ತಾನಾಗಿಯೇ ನಡೆದು ಶಾಲೆಗೆ ಬರುತ್ತಿತ್ತು. ಅದನ್ನು ತೆರೆದು ನೋಡಿದರೆ ಸಾಕು, ಆ ಮನೆಯ ಪಾತ್ರೆಯಲ್ಲಿ ಏನು ಬೆಂದಿದೆ ಎಂಬುದು ತಿಳಿದುಬಿಡುತ್ತದೆ. ಹೀಗೆ ಶಾಲೆಯ ಶಿಕ್ಷಕರು ಅಕ್ಕಿಯ ಲೆಕ್ಕ ಹಿಡಿಯುವವರಾದರು. ಅನ್ನದಲ್ಲಿ ಕಾಲುಭಾಗದಿಂದ ಶೇಕಡ 30ರವರೆಗೆ ಬಾರ್ಲಿ ಇರಬೇಕೆಂಬುದು ಅಳತೆಗೋಲು. ತಪ್ಪಿದವರ ಹೆಸರು ಬರೆದುಕೊಳ್ಳಲಾಗುತ್ತಿತ್ತು. ಅಂಗೈಗೆ ಬೆತ್ತದ ಏಟು, ತರಗತಿ ಗುಡಿಸುವ ಶಿಕ್ಷೆ, ತಾಯಿಯನ್ನು ಕರೆತರಬೇಕೆಂಬ ಆಜ್ಞೆ ಇವೆಲ್ಲ ಇದ್ದವು. ನಡತೆಯ ಅಂಕದಲ್ಲಿಯೂ ಇದನ್ನು ಸೇರಿಸಿದ್ದುಂಟು.

ಆ ಕಾಲದ ಸರಕಾರಕ್ಕೆ ಅಳತೆಯ ಹುಚ್ಚು ಸ್ವಲ್ಪ ಹೆಚ್ಚಾಗಿಯೇ ಇತ್ತು ಎನ್ನಬೇಕು. 1972ರಲ್ಲಿ ಪಾರ್ಕ್ ಹೊಸ ಸಂವಿಧಾನವನ್ನು ತಂದು ತಮ್ಮ ಅಧಿಕಾರವನ್ನು ಪ್ರಶ್ನಾತೀತಗೊಳಿಸಿಕೊಂಡರು. 1973ರಿಂದ ಪೊಲೀಸರು ಬೀದಿಯಲ್ಲಿ ಅಳತೆಪಟ್ಟಿ ಹಿಡಿದು ಯುವತಿಯರ ಲಂಗದ ಉದ್ದವನ್ನು ಅಳೆದರು. ಉದ್ದಕೂದಲಿನ ಯುವಕರನ್ನು ಹಿಡಿದು ಕತ್ತರಿಯಾಡಿಸಿದರು. ಕೂದಲು, ಲಂಗ, ಅನ್ನ ಯಾವುದೂ ಇನ್ನು ಖಾಸಗಿಯಾಗಿ ಉಳಿದಿರಲಿಲ್ಲ.

ಮಕ್ಕಳು ಮಕ್ಕಳೇ. ದೊಡ್ಡವರು ನಿಯಮ ಮಾಡಿದರೆ ಅವರು ಉಪಾಯ ಹುಡುಕಿದರು. ಡಬ್ಬಿಯ ತಳದಲ್ಲಿ ಬಿಳಿ ಅನ್ನ ತುಂಬಿ ಮೇಲೊಂದು ತೆಳು ಪದರ ಬಾರ್ಲಿ ಹರಡಿ ತಂದರು. ಇದನ್ನು ಕಂಡುಕೊಂಡ ಶಿಕ್ಷಕರು ಚಮಚದಿಂದ ಅನ್ನವನ್ನು ಕೆದಕಿ ನೋಡತೊಡಗಿದರು. ಬಾರ್ಲಿ ಮರೆತು ಬಂದವನು ತಪಾಸಣೆಗೆ ಮುಂಚೆ ಪಕ್ಕದವನಿಂದ ಒಂದಿಷ್ಟು ಕಾಳುಗಳನ್ನು ಸಾಲ ಪಡೆದು ತನ್ನ ಅನ್ನದ ಮೇಲೆ ಒಂದೊಂದಾಗಿ ನೆಡುತ್ತಿದ್ದ. ಅನ್ನದ ಮೇಲಿಟ್ಟರೆ ಎಲ್ಲರ ಕಣ್ಣಿಗೆ ಬೀಳುವ ಹುರಿದ ಮೊಟ್ಟೆಯನ್ನು ತಾಯಿ ಅನ್ನದ ಅಡಿಯಲ್ಲಿ ಅಡಗಿಸಿಡುತ್ತಿದ್ದಳು. ಬಾರ್ಲಿ ತಿಂದ ಮಧ್ಯಾಹ್ನ ತರಗತಿಯಲ್ಲಿ ಹೊಟ್ಟೆಯುಬ್ಬರದ ಸದ್ದು ಕೇಳಿಸಿ ಎಲ್ಲರೂ ನಗುತ್ತಿದ್ದದ್ದೂ ಉಂಟು. ಆ ಪೀಳಿಗೆಯವರು ಇಂದು ಇವನ್ನೆಲ್ಲ ನಗುನಗುತ್ತ ಹೇಳಿಕೊಳ್ಳುತ್ತಾರೆ.

ಆದರೆ ಎಲ್ಲವೂ ನಗುವಿನ ವಿಷಯವಾಗಿರಲಿಲ್ಲ. ಈ ತಪಾಸಣೆಯಲ್ಲಿ ಹೆದರಿಕೆಯಿಲ್ಲದೆ ಕುಳಿತಿದ್ದವನು ನಿಜವಾದ ಬಡವ. ಅವನ ಡಬ್ಬಿಯಲ್ಲಿ ಬಾರ್ಲಿಯೇ ಹೆಚ್ಚು, ಅಕ್ಕಿ ಹೆಸರಿಗಷ್ಟೆ. ನಿಯಮದ ಪ್ರಕಾರ ಅವನದೇ ಆದರ್ಶ ಬುತ್ತಿ! ಆದರೆ ಅವನು ಬಾರ್ಲಿ ತಂದದ್ದು ದೇಶಪ್ರೇಮದಿಂದಲ್ಲ, ಬೇರೆ ಗತಿಯಿಲ್ಲದೆ. ಉಳಿದ ದಿನಗಳಲ್ಲಿ ಮುಚ್ಚಳವನ್ನು ಅರೆ ತೆರೆದು, ಅದರ ಮರೆಯಲ್ಲಿ ಉಣ್ಣಬಹುದಾಗಿದ್ದ ಅವನು ತಪಾಸಣೆಯ ದಿನ ತನ್ನ ಬಡತನವನ್ನು ಎಲ್ಲರೆದುರು ತೆರೆದಿಡಬೇಕಾಗಿತ್ತು. ಇನ್ನು ಡಬ್ಬಿಯನ್ನೇ ತರಲಾಗದ ಮಕ್ಕಳಿದ್ದರು. ಊಟದ ಹೊತ್ತಿಗೆ ಅವರು ಸದ್ದಿಲ್ಲದೆ ಎದ್ದು ಹೊರಗೆ ಹೋಗಿ ಶಾಲೆಯಂಗಳದ ನಲ್ಲಿಯ ನೀರು ಕುಡಿದು ಬರುತ್ತಿದ್ದರು. ಡಬ್ಬಿಯೊಳಗಿನ ಕಾಳನ್ನು ಎಣಿಸುವ ವ್ಯವಸ್ಥೆಯಲ್ಲಿ ಇವರನ್ನು ಎಣಿಸಲು ಅಂಕಣವೇ ಇರಲಿಲ್ಲ.

ತಾಯಂದಿರ ಪಾಡು

ಬಾರ್ಲಿ ಅನ್ನ ಮಾಡುವುದು ಸುಲಭದ ಕೆಲಸವಲ್ಲ. ಬಾರ್ಲಿ ಗಟ್ಟಿಯಾದ ಕಾಳು. ಮೊದಲು ಅದನ್ನು ಬೇರೆಯಾಗಿ ಬೇಯಿಸಿಕೊಂಡು, ಆಮೇಲೆ ಅಕ್ಕಿಯೊಂದಿಗೆ ಸೇರಿಸಿ ಮತ್ತೊಮ್ಮೆ ಬೇಯಿಸಬೇಕು. ಸೌದೆ ಅಥವಾ ಕಲ್ಲಿದ್ದಲಿನ ಬಿಲ್ಲೆಗಳ ಒಲೆಯಲ್ಲಿ ಅಡುಗೆ ಮಾಡುತ್ತಿದ್ದ ತಾಯಂದಿರಿಗೆ ಇದು ಬೆಳಗಿನ ಜಾವದ ಇನ್ನಷ್ಟು ದುಡಿಮೆ. ಹಳೆಯ ಪದ್ಧತಿಯಂತೆ ಪಾತ್ರೆಯಲ್ಲಿ ಬಾರ್ಲಿಯ ಮೇಲೆ ಒಂದು ಮೂಲೆಯಲ್ಲಿ ಸ್ವಲ್ಪವೇ ಅಕ್ಕಿ ಹಾಕಿ, ಬೆಂದ ಮೇಲೆ ಆ ಬಿಳಿ ಅನ್ನವನ್ನು ಮನೆಯ ಹಿರಿಯರಿಗೆ ಬಡಿಸುತ್ತಿದ್ದರು. ಉಳಿದುದನ್ನು ಕಲಸಿ ಹೆಂಗಸರೂ ಮಕ್ಕಳೂ ಉಣ್ಣುತ್ತಿದ್ದರು. ಅಂಥ ಮನೆಯ ತಾಯಿಗೆ ಎಂದಾದರೊಮ್ಮೆ ತನ್ನ ಮಗುವಿನ ಡಬ್ಬಿಯಲ್ಲಿ ಬರೀ ಬಿಳಿ ಅನ್ನ ತುಂಬುವ ಆಸೆಯಾದರೆ ಅದು ತಪ್ಪೇ? ಪರೀಕ್ಷೆಯ ದಿನ, ಹುಟ್ಟಿದ ದಿನ, ಜ್ವರದಿಂದ ಎದ್ದ ಮರುದಿನ ಹೀಗೆ ತಾಯಿಯ ಲೆಕ್ಕವೇ ಬೇರೆ. ರಾಷ್ಟ್ರದ ಲೆಕ್ಕಕ್ಕೆ ಅದು ಅರ್ಥವಾಗುವುದಿಲ್ಲ.

ಶಿಕ್ಷೆಗೊಳಗಾದ ಮಗು ಸಂಜೆ ಮನೆಗೆ ಬಂದು ಏನು ಹೇಳಿರಬಹುದು? ‘ಅಮ್ಮ, ನೀನು ಹಾಕಿಕೊಟ್ಟ ಅನ್ನದಿಂದ ನನಗೆ ಏಟು ಬಿತ್ತು’ ಎಂದೇ ಅಲ್ಲವೇ? ಪ್ರೀತಿಯಿಂದ ಕಟ್ಟಿಕೊಟ್ಟದ್ದು ಅಪರಾಧವಾಗಿ ಹಿಂದಿರುಗಿ ಬಂತು. ಸರಕಾರ ದೊಡ್ಡವರಿಗೆ ಹೇಳಬೇಕಾದ ಮಾತನ್ನು ಮಗುವಿನ ಅಂಗೈಯ ಮೇಲೆ ಬರೆದು ಕಳುಹಿಸಿತ್ತು. ಅಡುಗೆ ಮಾಡಿದವಳು ತಾಯಿ. ಅಕ್ಕಿ ಕೊಂಡವನು ತಂದೆ. ಅಕ್ಕಿಯ ಬೆಲೆ ನಿಗದಿ ಮಾಡಿದವರು ಸಚಿವರು. ಆದರೆ ಎದ್ದು ನಿಂತು ಉತ್ತರ ಕೊಡಬೇಕಾದುದು ಎಂಟು ವರ್ಷದ ಮಗು. ಈ ಇತಿಹಾಸದಲ್ಲಿ ನಮ್ಮನ್ನು ಹೆಚ್ಚು ಕಾಡಬೇಕಾದ ಸಂಗತಿ ಇದೇ ಎಂದು ನನಗೆ ತೋರುತ್ತದೆ.

ಅಕ್ಕಿ ತುಂಬಿದ ವರ್ಷ

ಕೊರತೆಗೆ ನಿಜವಾದ ಪರಿಹಾರ ಬಂದದ್ದು ತರಗತಿಯಿಂದಲ್ಲ, ಗದ್ದೆಯಿಂದ. ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿಜ್ಞಾನಿ ಹೊ ಮುನ್ ಹೊಯೆ ಅವರು ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ 1960ರ ದಶಕದಲ್ಲಿ ದುಡಿದು, ನಮ್ಮ ಕಡೆಯ ಉದ್ದ ಕಾಳಿನ ‘ಇಂಡಿಕಾ’ ಜಾತಿಯನ್ನೂ ಅವರ ಕಡೆಯ ಗುಂಡು ಕಾಳಿನ ‘ಜಪಾನಿಕಾ’ ಜಾತಿಯನ್ನೂ ಕೂಡಿಸಿ ಹೊಸ ತಳಿಯೊಂದನ್ನು ರೂಪಿಸಿದರು. ಅದಕ್ಕೆ ‘ತೊಂಗಿಲ್’, ಅಂದರೆ ‘ಏಕೀಕರಣ’ ಎಂಬ ಹೆಸರಿಡಲಾಯಿತು. 1972ರಿಂದ ಅದು ದೇಶದಾದ್ಯಂತ ಹರಡಿತು. ಇಳುವರಿ ಅದ್ಭುತವಾಗಿತ್ತು, ರುಚಿ ಮಾತ್ರ ಕೊರಿಯಾದವರಿಗೆ ಹಿಡಿಸಲಿಲ್ಲ, ಅನ್ನ ಬಿಡಿಬಿಡಿಯಾಗುತ್ತಿತ್ತು. ಇಲ್ಲಿಯೂ ಬಲವಂತ ತಪ್ಪಲಿಲ್ಲ. ಬೇರೆ ತಳಿಯ ಸಸಿಮಡಿ ಹಾಕಿದ ರೈತರ ಗದ್ದೆಗೆ ಅಧಿಕಾರಿಗಳು ಇಳಿದು ಸಸಿಗಳನ್ನು ತುಳಿದು ಹಾಕಿದ ಪ್ರಸಂಗಗಳಿವೆ.

1977ರಲ್ಲಿ ದಕ್ಷಿಣ ಕೊರಿಯಾ ಅಕ್ಕಿಯಲ್ಲಿ ಸ್ವಾವಲಂಬನೆ ಸಾಧಿಸಿತು. ಆ ವರ್ಷ ಸುಮಾರು 60 ಲಕ್ಷ ಟನ್ ಅಕ್ಕಿ ಬೆಳೆಯಿತು. ಅನ್ನವಿಲ್ಲದ ಬುಧವಾರ, ಶನಿವಾರಗಳು ರದ್ದಾದವು. ಅಕ್ಕಿಯ ಮಕ್ಕೊಲ್ಲಿ ಮತ್ತೆ ಬಂದಿತು. ಮರುವರ್ಷವೇ ಹೊಸ ತಳಿಯ ಪೈರುಗಳಿಗೆ ಬೆಂಕಿರೋಗ ತಗಲಿತು. 1980ರ ಬೇಸಿಗೆಯಲ್ಲಿ ಅಕಾಲಿಕ ಚಳಿಯಿಂದ ಬೆಳೆ ನಾಶವಾಗಿ ತೊಂಗಿಲ್ ಹಿಂದೆ ಸರಿಯಿತು. ಪಾರ್ಕ್ ಅದನ್ನು ಕಾಣಲಿಲ್ಲ. 1979ರ ಅಕ್ಟೋಬರ್ 26ರಂದು ಅವರ ಹತ್ಯೆಯಾಗಿತ್ತು. ಆದರೆ ಹಸಿವಿನ ಏರು ಅಷ್ಟರಲ್ಲಿ ಹಿಂದೆ ಬಿದ್ದಿತ್ತು. ಬುತ್ತಿಯ ತಪಾಸಣೆಯೂ ಮೆಲ್ಲಗೆ ಮರೆಯಾಯಿತು.

ಮುಂದಿನ ಕಥೆ ಇನ್ನೂ ವಿಚಿತ್ರ. 1970ರಲ್ಲಿ ಕೊರಿಯಾದ ಒಬ್ಬ ವ್ಯಕ್ತಿ ವರ್ಷಕ್ಕೆ ಸರಾಸರಿ 136 ಕಿಲೋ ಅಕ್ಕಿ ಉಣ್ಣುತ್ತಿದ್ದ. 2023ರಲ್ಲಿ ಅದು 56 ಕಿಲೋಗೆ ಇಳಿಯಿತು. ಅಕ್ಕಿ ತಿನ್ನಬೇಡಿರೆಂದು ಬೆತ್ತ ಹಿಡಿದಿದ್ದ ಸರಕಾರವೇ ಈಗ ಅಕ್ಕಿ ತಿನ್ನಿರೆಂದು ಜನರನ್ನು ಓಲೈಸುತ್ತಿದೆ. ಬಾರ್ಲಿ ಅನ್ನವಾದರೋ ಆರೋಗ್ಯಕರ ಊಟವೆಂದು ಹೋಟೆಲುಗಳಲ್ಲಿ ಒಳ್ಳೆಯ ಬೆಲೆಗೆ ಮಾರಾಟವಾಗುತ್ತದೆ. ಬಾಲ್ಯದಲ್ಲಿ ಅದನ್ನೇ ಉಂಡು ಬೆಳೆದ ಕೆಲವು ವೃದ್ಧರು ಮಾತ್ರ ಇಂದಿಗೂ ಅದನ್ನು ಮುಟ್ಟುವುದಿಲ್ಲ.

ನಮ್ಮ ನೆನಪಿನ ಗೋಧಿ

ನಮ್ಮ ನಾಡಿನ ಹಿರಿಯ ಓದುಗರು ಇಷ್ಟು ಹೊತ್ತಿಗೆ ತಮ್ಮದೇ ಶಾಲೆಯ ದಿನಗಳನ್ನು ನೆನೆದಿರಬಹುದು. ಅದೇ ಪಿ.ಎಲ್. 480ರ ಕಾಲದಲ್ಲಿ, ‘ಕೇರ್’ ಸಂಸ್ಥೆಯ ಮೂಲಕ ಬಂದ ಅಮೆರಿಕದ ಗೋಧಿಯ ಉಪ್ಪಿಟ್ಟು, ನೀರಿಗೆ ಕದಡಿದ ಹಾಲಿನ ಪುಡಿ ನಮ್ಮ ಹಳ್ಳಿಯ ಶಾಲೆಗಳಿಗೂ ಬಂದಿದ್ದವು. 1965ರ ಅಭಾವದ ದಿನಗಳಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಬೇಡಿಕೊಂಡರು. ಸೋಮವಾರ ಸಂಜೆ ಎಷ್ಟೋ ಹೋಟೆಲುಗಳು ಬಾಗಿಲು ಮುಚ್ಚಿದವು, ಎಷ್ಟೋ ಮನೆಗಳಲ್ಲಿ ಒಲೆ ಉರಿಯಲಿಲ್ಲ. ಅದೂ ತ್ಯಾಗವೇ. ಆದರೆ ಆ ಮಾತನ್ನು ಹೇಳಿದ್ದು ದೊಡ್ಡವರಿಗೆ. ಅದನ್ನು ಮಗುವಿನ ಡಬ್ಬಿ ತೆರೆದು ಪರೀಕ್ಷಿಸಲಿಲ್ಲ.

ಹಾಗೆಂದು ನಮ್ಮ ತರಗತಿಗಳಲ್ಲಿ ಡಬ್ಬಿಯ ಅವಮಾನ ಇರಲಿಲ್ಲವೆಂದಲ್ಲ. ರಾಗಿಮುದ್ದೆಯನ್ನೋ ಜೋಳದ ರೊಟ್ಟಿಯನ್ನೋ ತಂದ ಮಗು ಅನ್ನ, ಪೂರಿ ತಂದವರ ನಡುವೆ ತಲೆ ತಗ್ಗಿಸಿ ಉಂಡದ್ದನ್ನು ನಾವು ಬಲ್ಲೆವು. ಇಂದು ಅದೇ ರಾಗಿ, ನವಣೆಗಳು ‘ಸಿರಿಧಾನ್ಯ’ಗಳೆಂದು ಮೆರೆಯುತ್ತಿವೆ, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡವರನ್ನು ಕಂಡು ಮರುದಿನದಿಂದ ಬರಿಯ ಮೊಸರನ್ನ ಕಟ್ಟಿಸಿಕೊಂಡ ಮಕ್ಕಳಿದ್ದಾರೆ. ಮಾಂಸ, ಮೊಟ್ಟೆ ತರಕೂಡದೆಂದು ಸೂಚನೆ ಕಳುಹಿಸುವ ಶಾಲೆಗಳೂ ಇವೆ. ಒಂದು ಮನೆಯ ನಿತ್ಯದ ಊಟ ಇನ್ನೊಂದು ಮನೆಗೆ ನಿಷಿದ್ಧವಾಗಿರುವ ನಮ್ಮ ಸಮಾಜದಲ್ಲಿ ಡಬ್ಬಿಯ ಮುಚ್ಚಳ ತೆರೆಯುವುದೆಂದರೆ ಜಾತಿಯನ್ನೂ ಮತವನ್ನೂ ಬಡತನವನ್ನೂ ಒಟ್ಟಿಗೆ ತೆರೆದಂತೆಯೇ.

ಶ್ರೀಮಂತ ದೇಶಗಳಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿದೆ. ಅಲ್ಲಿ ಕೊರತೆಯಲ್ಲ, ಅತಿಯೇ ತೊಂದರೆ. ಇಂಗ್ಲೆಂಡಿನ ಮನೆಗಳಿಂದ ಬರುವ ಬುತ್ತಿಗಳನ್ನು ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶಾಲೆಯ ಊಟಕ್ಕೆ ವಿಧಿಸಿರುವ ಎಲ್ಲ ಮಟ್ಟಗಳನ್ನೂ ಮುಟ್ಟಿದ ಬುತ್ತಿಗಳು ನೂರಕ್ಕೆ ಎರಡಕ್ಕಿಂತಲೂ ಕಡಿಮೆ. ಸಕ್ಕರೆ, ಕರಿದ ತಿಂಡಿ ಹೆಚ್ಚು, ತರಕಾರಿ ಕಡಿಮೆ. ಶಾಲೆಗಳು ಮಕ್ಕಳ ಡಬ್ಬಿಗಳನ್ನು ಪರಿಶೀಲಿಸಿ ನಿಯಮಕ್ಕೆ ಹೊರತಾದುದನ್ನು ತೆಗೆದಿಟ್ಟುಕೊಳ್ಳಬಹುದೆಂದು ಅಲ್ಲಿನ ಸರಕಾರ 2015ರಲ್ಲಿ ಸಂಸತ್ತಿಗೆ ತಿಳಿಸಿತ್ತು. ಮಕ್ಕಳ ಆರೋಗ್ಯದ ಕಾಳಜಿ ಅಲ್ಲಗಳೆಯುವಂಥದ್ದಲ್ಲ. ಕೆಲವು ಮಕ್ಕಳಿಗೆ ಕಡಲೆಕಾಯಿಯ ಸೋಂಕಿನಿಂದಲೇ ಪ್ರಾಣಾಪಾಯವಾಗುವುದುಂಟು. ಅಂಥ ಕಡೆ ಎಚ್ಚರಿಕೆ ಬೇಕೇ ಬೇಕು. ಆದರೆ ಅಗ್ಗದ ತಿಂಡಿಯ ಪೊಟ್ಟಣವೇ ಸುಲಭವಾಗಿ ಸಿಗುವ ಬಡ ಬಡಾವಣೆಯ ತಾಯಿಗೆ ಹೇಳಬೇಕಾದುದನ್ನು ಮಗುವಿನ ಕೈಯಿಂದ ಕಿತ್ತುಕೊಂಡು ಹೇಳಿದಾಗ ಕೊರಿಯಾದ ಅದೇ ತರಗತಿ ನೆನಪಾಗುತ್ತದೆ.

ಮುಚ್ಚಳ ಯಾರು ತೆರೆಯಬೇಕು?

ಕೊರಿಯಾ ಈ ಪ್ರಶ್ನೆಗೆ ಕೊನೆಗೆ ಬೇರೊಂದು ಉತ್ತರ ಕಂಡುಕೊಂಡಿತು. 1981ರಲ್ಲಿ ಶಾಲಾ ಊಟದ ಕಾನೂನು ಬಂದಿತು. 1990ರ ದಶಕದ ಕೊನೆಯ ಹೊತ್ತಿಗೆ ಪ್ರಾಥಮಿಕ ಶಾಲೆಗಳಲ್ಲೆಲ್ಲ ಬಿಸಿಯೂಟ ದೊರೆಯತೊಡಗಿತು. ಎಲ್ಲ ಮಕ್ಕಳಿಗೂ ಅದನ್ನು ಉಚಿತವಾಗಿ ಕೊಡಬೇಕೋ ಬಡವರಿಗೆ ಮಾತ್ರವೋ ಎಂಬ ವಿವಾದ ಎಷ್ಟು ತೀವ್ರವಾಯಿತೆಂದರೆ, 2011ರ ಆಗಸ್ಟ್‌ನಲ್ಲಿ ಸೋಲ್ ನಗರದಲ್ಲಿ ಜನಮತಗಣನೆಯೇ ನಡೆಯಿತು. ಎಲ್ಲರಿಗೂ ಕೊಡುವುದನ್ನು ವಿರೋಧಿಸಿದ್ದ ಮೇಯರ್, ಸಾಕಷ್ಟು ಮತದಾರರು ಬಾರದೆ ಮತಗಣನೆ ಅಸಿಂಧುವಾದಾಗ, ರಾಜೀನಾಮೆ ನೀಡಿದರು. ಬಡ ಮಗುವನ್ನು ಬೇರೆಯಾಗಿ ಗುರುತಿಸಬಾರದೆಂಬುದು ಎಲ್ಲರಿಗೂ ಊಟ ಬೇಕೆಂದವರ ಮುಖ್ಯ ವಾದವಾಗಿತ್ತು. ನಲ್ಲಿಯ ನೀರು ಕುಡಿದು ಬಂದವರನ್ನು ಕಂಡಿದ್ದ ಪೀಳಿಗೆಯೇ ಅಂದು ಮತದಾರರ ಪಟ್ಟಿಯಲ್ಲಿತ್ತು.

ನಮ್ಮಲ್ಲಿಯೂ 2001ರ ಸುಪ್ರೀಂ ಕೋರ್ಟಿನ ಆದೇಶದ ನಂತರ, 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಿಂದ ಆರಂಭವಾದ ಬಿಸಿಯೂಟ ಲಕ್ಷಾಂತರ ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸಿತು. ಅಲ್ಲಿಯೂ ಮೊಟ್ಟೆ ಕೊಡಬೇಕೋ ಬೇಡವೋ ಎಂಬ ಜಗಳಗಳು ನಡೆದಿವೆ. ಅಂಥ ಜಗಳಗಳನ್ನು ದೊಡ್ಡವರು ತಮ್ಮ ತಮ್ಮಲ್ಲಿಯೇ, ಸಭೆಗಳಲ್ಲಿ, ಮಕ್ಕಳ ಕಿವಿಗೆ ಬೀಳದಂತೆ ಮುಗಿಸಿಕೊಳ್ಳಲಿ.

ಸಂತ ಯೊವಾನ್ನರ ಶುಭಸಂದೇಶದಲ್ಲಿ ಐದು ಸಾವಿರ ಜನರಿಗೆ ಉಣಬಡಿಸಿದ ಪ್ರಸಂಗ ಎಲ್ಲರಿಗೂ ಗೊತ್ತು. ನಾಲ್ಕು ಶುಭಸಂದೇಶಗಳಲ್ಲಿಯೂ ಅದು ಬರುತ್ತದೆ. ಆದರೆ ಆ ರೊಟ್ಟಿಗಳು ಜವೆಗೋಧಿಯವು, ಅಂದರೆ ಬಾರ್ಲಿಯವು ಎಂಬುದನ್ನೂ, ಅವು ಒಬ್ಬ ಬಾಲಕನ ಬಳಿ ಇದ್ದವೆಂಬುದನ್ನೂ ಹೇಳಿದವರು ಯೊವಾನ್ನರು ಮಾತ್ರ. ಆ ಕಾಲದಲ್ಲಿ ಜವೆಗೋಧಿಯ ರೊಟ್ಟಿ ಬಡವರ ಊಟ. ಅಂದೂ ಬಾಲಕನ ಬುತ್ತಿಯನ್ನು ಎಲ್ಲರೆದುರು ತೆರೆಯಲಾಯಿತು. ಇಷ್ಟು ಜನಕ್ಕೆ ಇದು ಎಲ್ಲಿ ಸಾಕೆಂದು ಅಂದ್ರೇಯನು ಶಂಕಿಸಿದ್ದು ನಿಜ. ಆದರೆ ಯೇಸುಸ್ವಾಮಿ ಅದನ್ನು ಕೈಗೆ ತೆಗೆದುಕೊಂಡಾಗ ಅದರಲ್ಲಿ ಏನಿಲ್ಲವೆಂದು ಹುಡುಕಲಿಲ್ಲ. ದೇವರಿಗೆ ಕೃತಜ್ಞತೆ ಸಲ್ಲಿಸಿದರು.

ನಮ್ಮ ಧರ್ಮಕೇಂದ್ರಗಳಲ್ಲಿ ಶಾಲೆಗಳಿವೆ, ನಮ್ಮ ಮನೆಗಳಲ್ಲಿ ಶಿಕ್ಷಕರಿದ್ದಾರೆ. ಮಕ್ಕಳ ಊಟ ಹೇಗಿರಬೇಕೆಂದು ಹೇಳುವ ಜವಾಬ್ದಾರಿ ಶಾಲೆಗೂ ಇದೆ. ಅದನ್ನು ತಂದೆತಾಯಿಯರ ಸಭೆ ಕರೆದು, ಅವರ ಕಷ್ಟವನ್ನೂ ಕೇಳಿಸಿಕೊಂಡು ಹೇಳೋಣ. ಡಬ್ಬಿಯೇ ಇಲ್ಲದೆ ಬಂದ ಮಗುವನ್ನು ಮೊದಲು ಗುರುತಿಸೋಣ. ಅದೂ ಇತರರಿಗೆ ತಿಳಿಯದಂತೆ. ಉಳಿದಂತೆ, ಊಟದ ಗಂಟೆ ಬಾರಿಸಿದಾಗ ಮುಚ್ಚಳವನ್ನು ಮಗುವೇ ತೆರೆಯಲಿ, ಹಸಿದ ಮಗು ಮೊದಲು ಉಣ್ಣಲಿ.